ನಿಂತೇ ತೆಗೆದ ಆಯಿಲ್

ಗ್ಯಾರೇಜು,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಪ್ಪಾ,

ಬೆನ್ನು ಹೇಗಿದೆ? ಅಕ್ಕನ ಮನೆಯಲ್ಲಿ ಅವಳು ಹೇಳಿದ ಹಾಗೆ ಕೇಳುತ್ತಿದ್ದೀಯೋ, ಇಲ್ಲ ಅವಳು ಆಫೀಸಿಗೆ ಹೋದ ಕೂಡಲೇ ಅವಳ ಸ್ಕೂಟರ್ ಬಿಚ್ಚಿಕೊಂಡು ಕೂರುತ್ತೀಯೋ? ನಿನ್ನ ವಿಷಯ ನನಗೆ ಗೊತ್ತಿಲ್ಲವೇ! ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನೆಯಿಂದ ನನ್ನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ.

ಗಾಡಿಯ ಕೆಳಗೆ ಇನ್ನು ಮಲಗಲೇಬಾರದು ಎಂದು ಡಾಕ್ಟರು ಹೇಳಿದ ದಿನ ಸ್ಪ್ಯಾನರುಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿದೆಯಲ್ಲ, "ಕೆಳಗೆ ಮಲಗೋಕಾಗದವನು ಯಾವ ಸೀಮೆ ಮೆಕ್ಯಾನಿಕ್ಕು? ಅಂಗಡೀನ ಪಕ್ಕದ ಬೇಕರಿಯವ್ರಿಗೆ ಕೊಟ್ಬಿಡೋಣ" ಎಂದು ನೀನೇ ಅಂದೆ. ಆ ಮಾತು ತಿಂಗಳುಗಟ್ಟಲೆ ನನ್ನನ್ನು ಕೊರೆಯಿತು. ಅದಕ್ಕೇ ನಾನು ಆಯಿಲ್ ಹೀರುವ ಕೈಪಂಪು ತಂದೆ. ಆಯಿಲ್ ಮಟ್ಟ ನೋಡುವ ಕಡ್ಡಿಯ ತೂತಿನಿಂದ ಸಣ್ಣ ಪೈಪು ಇಳಿಸಿ ಹಳೆಯದನ್ನೆಲ್ಲ ಮೇಲಿಂದಲೇ ಎಳೆಯುವುದು. ನಿನ್ನ ಇಪ್ಪತ್ತು ವರ್ಷದ ಜೊತೆಗಾರ ಮೀಸೆ ಮಾಮ ಬಿದ್ದು ಬಿದ್ದು ನಕ್ಕ. "ಇದೇನು ಶರಬತ್ತು ಕುಡಿಯೋದಾ? ಅರ್ಧ ಒಳಗೇ ಉಳಿಯುತ್ತೆ ನೋಡು" ಎಂದ.

ಸರಿ, ನೋಡೇಬಿಡೋಣ ಎಂದು ನಿನ್ನೆ ಪಂದ್ಯ ಇಟ್ಟೆ. ಟ್ಯಾಕ್ಸಿಯವರ ಅವಳಿಜವಳಿ ಕಾರುಗಳೆರಡೂ ಆಯಿಲ್ ಬದಲಿಸಲು ಬಂದಿದ್ದವು. ಎರಡರ ಎಂಜಿನ್ನೂ ಬಿಸಿ ಮಾಡಿದೆವು. ಒಂದರ ಕೆಳಗೆ ಮಾಮ ಮಲಗಿ ಆಯಿಲ್ ಇಳಿಸುವ ಬೋಲ್ಟು ಬಿಚ್ಚಿದ. "ಧಾರೆ ದಾರ ಆಗ್ಬೇಕು, ದಾರ ಹನಿ ಆಗ್ಬೇಕು" ಎಂಬ ನಿನ್ನ ಮಂತ್ರ ಹೇಳುತ್ತಾ ಕಾದ. ಇನ್ನೊಂದಕ್ಕೆ ಹಾಕಿದ ನನ್ನ ಪಂಪು ಬುಸ್ಸೆಂದು ಬರೀ ಗಾಳಿ ಎಳೆಯಿತು. ಮಾನ ಹೋಯಿತು ಅಂದುಕೊಂಡೆ. ಆಗ ನೆನಪಾದದ್ದು ನೀನು ಕಲಿಸಿದ ಬುದ್ಧಿ: ಕಣ್ಣಿಗೆ ಕಾಣದ ಜಾಗಕ್ಕೆ ಏನೇ ಇಳಿಸಿದರೂ ಮೊದಲು ಅಳತೆಗೆ ನೂಲು ಕಟ್ಟು. ಪೈಪು ಎಳೆದು ಕಡ್ಡಿಯ ಪಕ್ಕ ಹಿಡಿದರೆ, ಅದರ ತುದಿ ಆಯಿಲ್‌ಗಿಂತ ಒಂದು ಗೇಣು ಮೇಲೇ ನಿಂತುಬಿಟ್ಟಿತ್ತು. ಕಡ್ಡಿಯ ಉದ್ದಕ್ಕೆ ಸರಿಯಾಗಿ ಪೈಪಿಗೆ ಕೆಂಪು ನೂಲು ಕಟ್ಟಿ, ಅದನ್ನೂ ದಾಟಿ ತಳ ತಾಕುವ ತನಕ ಇಳಿಸಿದೆ. ಆಮೇಲೆ ಡಬ್ಬ ತುಂಬಿದ ಸೊಗಸು ನೀನು ನೋಡಬೇಕಿತ್ತು!

ಒಳಗೆಷ್ಟು ಉಳಿದಿದೆ ನೋಡೋಣವೆಂದು ನಾನು ಪಂಪು ಹಾಕಿದ ಕಾರಿನ ಬೋಲ್ಟು ಬಿಚ್ಚಿದರೆ ಟೀ ಲೋಟದ ತಳ ಮುಚ್ಚುವಷ್ಟು ಬಂತು, ಅಷ್ಟೇ. ಮಾಮನ ಕಾರಿಗೆ ಪಂಪು ಹಾಕಿದರೆ ಅರ್ಧ ಲೋಟ! ಮಾಮ ಮೀಸೆ ತಿರುವುವುದನ್ನೇ ಮರೆತ. ಸುಳ್ಳು ಹೇಳುವುದಿಲ್ಲ, ಸಂಜೆ ಬಂದ ಹಾಲಿನ ವ್ಯಾನಿನಲ್ಲಿ ನಾನು ಸೋತೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಅದರ ತಳದಲ್ಲಿ ಕೆಸರು ಕಟ್ಟಿತ್ತು, ಕೆಳಗಿನಿಂದಲೇ ಬಿಚ್ಚಬೇಕಾಯಿತು. ಅಂಥದ್ದಕ್ಕೆ, ಸೋರಿಕೆ ನೋಡುವುದಕ್ಕೆ ಮಾಮ ಇದ್ದಾನೆ. ಆಯಿಲ್ ಸೋಸುವ ಫಿಲ್ಟರ್ ಎಂಜಿನ್ನಿನ ಮೇಲೇ ಇರುವ ಉಳಿದ ಗಾಡಿಗಳಿಗೆಲ್ಲ ನಿಂತ ಮೆಕ್ಯಾನಿಕ್ಕೇ ಸಾಕು. ನಮ್ಮಲ್ಲಿಗೆ ಬರುವುದರಲ್ಲಿ ಮುಕ್ಕಾಲು ಪಾಲು ಅಂಥವೇ ಅಪ್ಪಾ.

ಅಕ್ಕನಿಗೆ ನನ್ನ ನೆನಪು ಹೇಳು, ಪುಟ್ಟಿಗೆ ಎರಡು ಮುತ್ತು ಕೊಡು. ಮಾಮ ನಿನ್ನನ್ನು ಬಹಳ ಕೇಳಿದ. ಮಾತ್ರೆ ತಪ್ಪಿಸಬೇಡ.

ಇಂತಿ ನಿನ್ನ
ಮಸಿಮೂತಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅಂಗಡಿ ಕೊಡುವುದಿಲ್ಲ ಎಂದು ಬೇಕರಿಯವರಿಗೆ ಇವತ್ತು ಬೆಳಿಗ್ಗೆ ಹೇಳಿಬಿಟ್ಟೆ. ಸ್ಪ್ಯಾನರುಗಳನ್ನು ಪೆಟ್ಟಿಗೆಯಿಂದ ತೆಗೆದು, ನೀನು ಬಗ್ಗಬಾರದೆಂದು ನಿನ್ನ ಎದೆಮಟ್ಟಕ್ಕೆ ಗೋಡೆಗೆ ತೂಗುಹಾಕಿದ್ದೇನೆ. ನಿನ್ನನ್ನು ಕೇಳದೆ ಮಾಡಿದೆ. ಬೈಯುವುದಾದರೆ ಬೇಗ ಇಲ್ಲಿಗೇ ಬಂದು, ನೆಟ್ಟಗೆ ನಿಂತುಕೊಂಡು ಬೈಯಿ.