ಶುಕ್ರವಾರ ಹತ್ತೂನಲವತ್ತರ ವಿಮಾನ

ಸರೋಜಿನಿ ನಗರ, ನವದೆಹಲಿ
೮ ನವೆಂಬರ್ ೨೦೨೫, ಶನಿವಾರ

ಮುದ್ದು ಮಗಳು ಅಪ್ಪುವಿಗೆ,

ಅಮ್ಮನ ಆಶೀರ್ವಾದ. ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನೆ ನೀನು ಕಳಿಸಿದ ಮೆಸೇಜನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಬರೋಕೆ ಇಷ್ಟ ಇಲ್ಲ ಅಂದ್ರೆ ಸೀದಾ ಹೇಳಬಹುದಿತ್ತಮ್ಮ, ವೀಸಾ ಗೀಸಾ ಅಂತ ಡ್ರಾಮಾ ಯಾಕೆ" ಅಂತ ಬರೆದು ನೀನು ಫೋನನ್ನೇ ಆಫ್ ಮಾಡಿಬಿಟ್ಟೆ. ನಿನ್ನದೇನೂ ತಪ್ಪಿಲ್ಲ. ಆ ಪೋರ್ಚುಗೀಸ್ ಹುಡುಗ ತಿಯಾಗುವನ್ನು ಮದುವೆಯಾಗುತ್ತೇನೆ ಎಂದಿದ್ದಕ್ಕೆ ಎಂಟು ತಿಂಗಳು ನಿನ್ನ ಜೊತೆ ಮಾತು ಬಿಟ್ಟವಳು ನಾನು. ಅಂಥವಳು ಮದುವೆಗೆ ಆರೇ ದಿನ ಇರುವಾಗ ಏರ್‌ಪೋರ್ಟಿನಿಂದ ವಾಪಸ್ ಬಂದೆ ಅಂದರೆ ಯಾರು ತಾನೇ ನಂಬುತ್ತಾರೆ?

ಅದಕ್ಕೇ ಈ ಕಾಗದ. ನಾಳೆ ಶ್ರೀವತ್ಸ ನಿನ್ನ ಮದುವೆಗೆ ಹೊರಡುತ್ತಿದ್ದಾನಲ್ಲ, ಅವನ ಕೈಗೆ ಕೊಡುತ್ತೇನೆ. ಹೌಜ್ ಖಾಸ್‌ನಲ್ಲಿ ನಿನ್ನ ಜೊತೆ ಓದುವಾಗ ನಮ್ಮ ಮನೆಯ ಬಿಸಿಬೇಳೆಭಾತಿಗೆ ಹಾಜರಿ ತಪ್ಪಿಸದವನು, ಇಷ್ಟು ಋಣವಾದರೂ ತೀರಿಸಲಿ. "ನಾನೇ ಹೇಳ್ತೀನಿ ಬಿಡಿ ಆಂಟಿ" ಅಂದ. ಬೇಡಪ್ಪ ಅಂದೆ. ಇಂಗ್ಲಿಷಿನಲ್ಲಿ ಬರೆದರೆ ನಿನಗೆ ಎರಡು ನಿಮಿಷದ ಕೆಲಸ. ಕನ್ನಡವಾದರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯ. ಅಷ್ಟು ಹೊತ್ತಾದರೂ ನನ್ನ ಮಾತು ಕೇಳಿಸಿಕೋ.

ನಿನ್ನೆ ನಡೆದದ್ದು ಇದು. ದೆಹಲಿಯಿಂದ ಲಂಡನ್ನಿಗೆ ಒಂದು ಟಿಕೆಟ್, ಅಲ್ಲಿಂದ ನಿಮ್ಮ ಲಿಸ್ಬನ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿ, ಲಂಡನ್ ವೀಸಾ ಎಲ್ಲಿ ಎಂದು ಕೇಳಿದಳು. ನಾನು ಜಂಬದಿಂದ ಯುರೋಪಿನ ವೀಸಾ ತೋರಿಸಿದೆ. "ಆಂಟೀಜೀ, ಯೇ ವಹಾಂ ನಹೀಂ ಚಲೇಗಾ" ಅಂದಳು. ಲಂಡನ್ನಿಗೂ ಈ ವೀಸಾಕ್ಕೂ ಸಂಬಂಧವೇ ಇಲ್ಲವಂತೆ. ನಾನು ಅಲ್ಲಿ ಊರು ನೋಡಲು ಹೋಗುತ್ತಿಲ್ಲ ತಾಯಿ, ವಿಮಾನ ಬದಲಾಯಿಸುವುದಷ್ಟೇ ಅಂದೆ. ಅದಕ್ಕೂ ಟ್ರಾನ್ಸಿಟ್ ವೀಸಾ ಬೇಕಂತೆ. ಮೇಲಾಗಿ ಟಿಕೆಟ್ ಎರಡಾದ್ದರಿಂದ ಸೂಟ್‌ಕೇಸನ್ನು ಹೊರಗೆ ಬಂದು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಹೊರಗೆ ಬಂದೆನೆಂದರೆ ಆ ದೇಶದೊಳಗೆ ಕಾಲಿಟ್ಟ ಹಾಗೆ. ಹುಡುಗಿ ಒಳ್ಳೆಯವಳು, ಎರಡು ಸಲ ಬಿಡಿಸಿ ಹೇಳಿದಳು. ಹೇಳಿ ಪಾಸ್‌ಪೋರ್ಟ್ ನನ್ನ ಕೈಗೇ ವಾಪಸ್ ಕೊಟ್ಟಳು.

ನೋಡು ಗ್ರಹಚಾರ! ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಒಂದು ಸಹಿ ಇಲ್ಲ, ಒಂದು ತಾರೀಖು ಇಲ್ಲ ಎಂದು ಜನರ ಫೈಲು ವಾಪಸ್ ಕಳಿಸಿದವಳು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ.

ಅಲ್ಲೇ ನಿಂತು ನಿನಗೆ "ವೀಸಾ ಸರಿಯಿಲ್ಲವಂತೆ, ಏರ್‌ಲೈನ್‌ನವರು ಬಿಡಲಿಲ್ಲ" ಎಂದಷ್ಟೇ ಬರೆದೆ. ಮನೆಗೆ ಬಂದಾಗ, ನಾನು ಬೀಗದ ಕೈ ಕೊಟ್ಟು ಹೋಗಿದ್ದ ಪಕ್ಕದ ಮನೆಯ ಜಲಜಾ, ಏನ್ರೀ ಇಷ್ಟು ಬೇಗ ಮದುವೆ ಮುಗಿಸಿ ಬಂದ್ರಾ ಎಂದಾಗ, ಟಿಕೆಟ್ ಮಾಡಿಕೊಟ್ಟ ಅಭಿಷೇಕ್ ಮೋಸ ಮಾಡಿದ ಎಂದೆ. ಎರಡೂ ಪೂರ್ತಿ ನಿಜವಲ್ಲ ಅಪ್ಪು.

ನಿಜ ಏನು ಗೊತ್ತಾ? ನೀನು ಹೇಳಿದ ಹಾಗೆ ನಾನು ಮೊದಲು ಮಾಡಿಸಿದ್ದು ದೋಹಾ ಮೇಲೆ ಬರುವ ಒಂದೇ ಟಿಕೆಟ್. ಶುಕ್ರವಾರ ಬೆಳಿಗ್ಗೆ ಹತ್ತೂನಲವತ್ತಕ್ಕೆ. ಅದನ್ನು ನಾನೇ ರದ್ದು ಮಾಡಿಸಿದೆ. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅಭಿಷೇಕನ ಅಂಗಡಿಗೆ ಹೋಗಿ, ಹನ್ನೆರಡರ ಮೇಲೆ ಯಾವುದಾದರೂ ಸರಿ, ಹಾಕಿಕೊಡು ಅಂದೆ. ಪಾಪ, ಅವನು ಕೇಳಿದ್ದ, "ಆಂಟೀ, ಲಂಡನ್ ಕಾ ವೀಸಾ ಹೈ ನಾ?" ಅಂತ. ಹೈ ಹೈ, ಪೂರಾ ಯುರೋಪ್ ಕಾ ಹೈ ಅಂದೆ. ಕೇಳಿದವನಿಗೆ ತಪ್ಪು ಉತ್ತರ ಕೊಟ್ಟು, ಏರ್‌ಪೋರ್ಟಿನಿಂದ ಅವನಿಗೇ ಫೋನ್ ಮಾಡಿ ಬೈದೆ.

ರಾಹುಕಾಲ ಎಂದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ನಿಮ್ಮಪ್ಪ ಆಸ್ಪತ್ರೆಗೆ ಹೊರಟಿದ್ದೂ ಶುಕ್ರವಾರ ಹನ್ನೊಂದಕ್ಕೆ. ಹನ್ನೆರಡಾಗಲಿ ಅಂದೆ. ಅವರು ನಕ್ಕು, ಆಟೊ ಕಾಯುತ್ತಿದೆ ಬಾರೇ ಅಂದರು. ಎರಡು ದಿನದಲ್ಲಿ ಮನೆಗೆ ಬರಬೇಕಿದ್ದ ಸಣ್ಣ ಆಪರೇಷನ್. ಬರಲಿಲ್ಲ. ಆರು ವರ್ಷದಿಂದ ನಾನು ಆ ಹೊತ್ತಿನಲ್ಲಿ ಹೊಸ್ತಿಲು ದಾಟಿ ಹಾಲು ತರಲೂ ಹೋಗಿಲ್ಲ.

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಎಂದು ಪೆನ್ನು ಕೆಳಗಿಟ್ಟು, ಕಾಫಿ ಕುಡಿದು ಬಂದು ಕೂತಿದ್ದೇನೆ. ಕೌಂಟರಿನ ಹುಡುಗಿ ಆಗುವುದಿಲ್ಲ ಎಂದಾಗ, ಒಂದು ಗಳಿಗೆ, ಒಂದೇ ಗಳಿಗೆ, ನನಗೆ ಹಾಯೆನಿಸಿತು. ಅಬ್ಬ, ಹೋಗಬೇಕಾಗಿಲ್ಲ ಅನಿಸಿತು. ಭಾಷೆ ಬಾರದ ಬೀಗಿತ್ತಿಯ ಮುಂದೆ ಮೂಕಿಯ ಹಾಗೆ ಕೂರಬೇಕಿಲ್ಲ, ಹೋಮವಿಲ್ಲ ಧಾರೆಯಿಲ್ಲ, ಬರೀ ರುಜು ಹಾಕಿ ನೀನು ಬೇರೆಯವರ ಮನೆಯವಳಾಗುವುದನ್ನು ನೋಡಬೇಕಿಲ್ಲ. ನೀನು ನನ್ನ ಮಗಳಲ್ಲವೇ, ಸಾವಿರಾರು ಮೈಲಿ ಆಚೆಯಿಂದಲೇ ಅದನ್ನು ಹಿಡಿದುಬಿಟ್ಟೆ.

ಆದರೆ ಟ್ಯಾಕ್ಸಿಯಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ನಿನ್ನ ಧಾರೆ ಸೀರೆ ಇದೆ ಎಂಬುದು ನೆನಪಾಯಿತು. ಧಾರೆಯಿಲ್ಲದಿದ್ದರೂ ಉಡಲಿ ಎಂದು ತೆಗೆದದ್ದು. ಇದನ್ನು ನಿನಗೆ ಇನ್ಯಾರು ಉಡಿಸುತ್ತಾರೆ, ನೆರಿಗೆ ಹಿಡಿಯಲೂ ಬರದವಳಿಗೆ? ರಸ್ತೆಯುದ್ದಕ್ಕೂ ಗೊಳೋ ಎಂದು ಅತ್ತೆ. ಡ್ರೈವರ್ ಭಯ್ಯಾ ಹೆದರಿ ಗಾಡಿ ಪಕ್ಕಕ್ಕೆ ಹಾಕಿ ನೀರು ಕೊಟ್ಟ. ಬೇಟಿ ಕೀ ಶಾದಿ ಹೈ ಅಂದೆ. ಶಾದಿಗೆ ಯಾರಾದರೂ ಹೀಗೆ ಅಳುತ್ತಾರಾ ಎಂದು ಕೇಳಿದ.

ಅತ್ತಿದ್ದು ಸಾಕು. ಇವತ್ತು ಬೆಳಿಗ್ಗೆ ಅಭಿಷೇಕ್ ಅಂಗಡಿಯ ಷಟರ್ ಎತ್ತುವ ಮೊದಲೇ ಹೋಗಿ ನಿಂತಿದ್ದೆ. ಕ್ಷಮಿಸಪ್ಪ, ತಪ್ಪು ನನ್ನದೇ ಅಂದೆ. ಗುರುವಾರದ ಮದುವೆಯೊಳಗೆ ಲಂಡನ್ನಿನ ಟ್ರಾನ್ಸಿಟ್ ವೀಸಾ ಸಿಗುವ ಮಾತೇ ಇಲ್ಲ. ಶ್ರೀವತ್ಸನ ವಿಮಾನದಲ್ಲಿ ಸೀಟಿಲ್ಲ. ಕೊನೆಗೆ ದೋಹಾ ಮೇಲೆಯೇ ಸಿಕ್ಕಿತು. ಈ ಸಲ ನಾನು ಬಾಯಿಮಾತು ನಂಬಲಿಲ್ಲ. ಟಿಕೆಟ್ ಒಂದೇ ತಾನೆ, ಸೂಟ್‌ಕೇಸ್ ನೇರ ಲಿಸ್ಬನ್ನಿಗೇ ಬರುತ್ತದೆ ತಾನೆ, ದೋಹಾದಲ್ಲಿ ಏರ್‌ಪೋರ್ಟಿನೊಳಗೇ ಇದ್ದರೆ ವೀಸಾ ಬೇಡ ತಾನೆ ಎಂದು ಏರ್‌ಲೈನ್‌ಗೆ ನಾನೇ ಫೋನ್ ಮಾಡಿ ಕೇಳಿದೆ. ಉತ್ತರ ಕೊಟ್ಟವಳ ಹೆಸರು, ಹೊತ್ತು ಎಲ್ಲ ಬರೆದು ಫೈಲಿಗೆ ಹಾಕಿದ್ದೇನೆ. ವಿದೇಶಕ್ಕೆ ಹೋಗಲು ಅಡ್ಡಿಯಿಲ್ಲವೆಂದು ಆಫೀಸು ಕೊಟ್ಟ ಎನ್‌ಒಸಿಯೂ ಅದರಲ್ಲೇ ಇದೆ. ಈ ಸಲ ಯಾರು ಏನು ಕೇಳುತ್ತಾರೋ ಕೇಳಲಿ, ನೋಡೇಬಿಡುತ್ತೇನೆ.

ಬುಧವಾರ ಮಧ್ಯಾಹ್ನ ಒಂದೂಕಾಲಿಗೆ ಅಲ್ಲಿರುತ್ತೇನೆ. ನೀನು ಕರೆಯಲು ಬಂದರೆ ಸಂತೋಷ. ಬರದಿದ್ದರೆ ವಿಳಾಸ ನನ್ನ ಹತ್ತಿರ ಇದೆ, ಬಾಗಿಲು ತಟ್ಟುತ್ತೇನೆ. ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಗುರುವಾರ ಬೆಳಿಗ್ಗೆ ನಿನಗೆ ಸೀರೆ ಉಡಿಸುವವಳು ನಾನೇ, ಅದರಲ್ಲಿ ಎರಡು ಮಾತಿಲ್ಲ. ತಿಯಾಗುವಿಗೂ ಒಂದು ಪಂಚೆ ತರುತ್ತಿದ್ದೇನೆ. ಜಾರಿದರೆ ಬೆಲ್ಟು ಹಾಕಿಕೊಳ್ಳಲಿ.

ನಿನ್ನ ಮೇಲೆ ಪ್ರಾಣವಿಟ್ಟಿರುವ, ಹಟಮಾರಿ

ಅಮ್ಮ
ಸುಶೀಲಾ

ತಾ.ಕ.: ಇಲ್ಲಿಂದ ಹೊರಡುವ ಹೊತ್ತು ಬರೆಯಲಿಲ್ಲ ಅಲ್ಲವೇ. ಮಂಗಳವಾರ ಮಧ್ಯಾಹ್ನ ಮೂರೂನಲವತ್ತು. ಉಳಿದ ಹೊತ್ತಿನವೆಲ್ಲ ಎರಡೆರಡು ಟಿಕೆಟ್ಟಿನವು. ಅಂಗಡಿಯ ಗೋಡೆಯ ಕ್ಯಾಲೆಂಡರ್ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ, ನೋಡಿದೆ. ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ. ಆದರೂ ಹಾಕಪ್ಪ ಅಂದೆ. ರಾಹು ಬೇಕಾದರೆ ಪಕ್ಕದ ಸೀಟಿನಲ್ಲಿ ಕೂತು ಬರಲಿ. ಅವನ ವೀಸಾ ಅವನು ನೋಡಿಕೊಳ್ಳಲಿ.