ಗುಬ್ಬಿಯ ಜ್ವರ ಬಂದದ್ದು ಎಲ್ಲಿಂದ

ಹಿಂದಿನ ಕೋಣೆಯಿಂದ,
ಒಂಬತ್ತನೇ ತಾರೀಖು, ಮಂಗಳವಾರ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಗುಬ್ಬಿ ಹೇಗಿದ್ದಾಳೆ? ಜ್ವರ ಬಿಟ್ಟ ಮೇಲೆ ಕೂದಲು ಉದುರುತ್ತಿತ್ತಲ್ಲ, ನಿಂತಿತೇ? ಈಗಲೂ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆಯೇ? ನಿನ್ನ ಅಮ್ಮನ ಮಂಡಿನೋವು ಹೇಗಿದೆ ಎಂದೂ ತಿಳಿಸು. ಫೋನು ಮಾಡಬಹುದಿತ್ತು. ನೀನು ಎತ್ತುವುದಿಲ್ಲ ಎಂಬ ಭಯವಲ್ಲ. ಎತ್ತಿ "ಹೇಳಿ ಅತ್ತೆ" ಎಂದರೆ ಏನು ಹೇಳಲಿ ಎಂಬ ಭಯ. ಅದಕ್ಕೇ ಗುಬ್ಬಿಯ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂದುಗಡೆ ಅವಳು ಬರೆದ ಆನೆ ಇದೆ, ಅದಕ್ಕೆ ಐದು ಕಾಲು. ಹರಿದದ್ದಕ್ಕೆ ಅಜ್ಜಿಯನ್ನು ಬೈಯಬೇಡ ಎಂದು ಅವಳಿಗೆ ಹೇಳು.

ನೀನು ಗುಬ್ಬಿಯನ್ನು ಕರೆದುಕೊಂಡು ತವರಿಗೆ ಹೋದ ಮೇಲೆ ನಮ್ಮ ಬಡಾವಣೆಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಅವಳ ಹಾಗೆಯೇ ಟೈಫಾಯ್ಡ್ ಬಂತು. ಆರೋಗ್ಯ ಇಲಾಖೆಯವರು ಬಂದು ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ಗಾಯಕ್ಕೆ ಸುತ್ತುವಂಥ ಬಟ್ಟೆಯ ಉಂಡೆಯನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಡತೊಡಗಿದರು. "ಏನಮ್ಮಾ, ಮೀನು ಹಿಡೀತಿದ್ದೀರಾ?" ಎಂದು ತಮಾಷೆ ಮಾಡಿದವಳು ನಾನೇ. ಕನ್ನಡಕದ ಹುಡುಗಿಯೊಬ್ಬಳು ನಕ್ಕು, "ರೋಗ ಹಿಡೀತಿದ್ದೀವಿ ಅಜ್ಜಿ" ಎಂದಳು. ಕೊಳಚೆಯಲ್ಲಿ ನೆಂದ ಆ ಬಟ್ಟೆಯನ್ನು ಲ್ಯಾಬಿಗೆ ಒಯ್ದರೆ ಅದರಲ್ಲಿ ಯಾವ ರೋಗಾಣುವಿನ ಗುರುತಿದೆ ಎಂದು ಅಲ್ಲಿನ ಯಂತ್ರ ಪತ್ತೆ ಮಾಡುತ್ತದಂತೆ. ದೊಡ್ಡ ರಸ್ತೆಯಿಂದ ಶುರುಮಾಡಿ, ಗುರುತು ಸಿಕ್ಕ ಕೊಳವೆಯನ್ನೇ ಹಿಡಿದುಕೊಂಡು ಹಿಂದೆ ಹಿಂದೆ ಬಂದರು. ಬಂದವರು ನಮ್ಮ ಓಣಿಗೆ ತಿರುಗಿ, ನಮ್ಮ ಕಟ್ಟಡದ ಮುಂದೆ ನಿಂತರು.

ಎಲ್ಲ ಮನೆಯವರೂ ಮಲಪರೀಕ್ಷೆಗೆ ಕೊಡಬೇಕು ಎಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. "ನಂಗೇನಾಗಿದೆ? ಜೀವಮಾನವೆಲ್ಲ ಹಾಸ್ಟೆಲಲ್ಲಿ ಅಡುಗೆ ಮಾಡಿದೋಳು ನಾನು. ನನ್ನ ಕೈ ಶುದ್ಧ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ನನ್ನ ಸೊಸೆ ತವರಿಗೆ ಹೋಗಿ ಕೂತಿದಾಳೆ, ಮೊದ್ಲು ಅವಳನ್ನ ನೋಡಿ" ಎಂದೂ ಸೇರಿಸಿದೆ. ಆರೋಗ್ಯ ಕೇಂದ್ರದವರು ಡಬ್ಬಿ ಹಿಡಿದು ನಿನ್ನ ಅಮ್ಮನ ಮನೆ ಬಾಗಿಲಿಗೆ ಬಂದರಲ್ಲ, ಅವರನ್ನು ಕಳಿಸಿದ್ದು ಈ ನಾಲಿಗೆ. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಾಗ ನಿನಗೆ ಹೇಗಾಗಿರಬೇಡ.

ನಿನ್ನದರಲ್ಲಿ ಏನೂ ಇಲ್ಲ ಎಂದು ನಿನ್ನ ಗಂಡ ಹೇಳಿದ್ದಾನೆ. ಯಾರದರಲ್ಲಿ ಇತ್ತು ಎಂಬುದನ್ನು ಅವನು ಹೇಳಿಲ್ಲ; ನಾನು ಹೇಳಗೊಡಲಿಲ್ಲ. "ನಾನೇ ಹೇಳ್ತೀನಿ, ನೀನು ಸುಮ್ನಿರು" ಎಂದೆ. ಇವತ್ತು ನಾಳೆ ಎನ್ನುತ್ತ ಒಂದು ತಿಂಗಳು ದೂಡಿದೆ. ಕೊನೆಗೆ ಮಗನ ಒತ್ತಾಯಕ್ಕೆ ನಾನೂ ಪರೀಕ್ಷೆಗೆ ಕೊಟ್ಟಿದ್ದೆ; ನನ್ನದರಲ್ಲಿ ಇತ್ತು ಕಣಮ್ಮಾ. ನಂಬದೆ ಮತ್ತೆ ಕೊಟ್ಟೆ, ಮತ್ತೆಯೂ ಸಿಕ್ಕಿತು. ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ ಕಲ್ಲುಗಳು ಕಂಡವು. ರೋಗಾಣು ಅಲ್ಲಿ ಮನೆ ಮಾಡಿಕೊಂಡು ಎಷ್ಟೋ ವರ್ಷದಿಂದ ಇದ್ದಿರಬಹುದು, ನನಗೆ ಮಾತ್ರ ಏನೂ ಮಾಡಿಲ್ಲ. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಎರಡು ಸಾಲು ಗೆರೆಗಳನ್ನು ತೋರಿಸಿದರು. "ಇದು ನಿಮ್ಮಲ್ಲಿ ಸಿಕ್ಕಿದ್ದು ಅಜ್ಜಿ, ಇದು ನಿಮ್ಮ ಮೊಮ್ಮಗಳ ರಕ್ತದಲ್ಲಿ ಸಿಕ್ಕಿದ್ದು. ಎರಡೂ ಒಂದೇ" ಎಂದರು. ನಾನು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ, ಏನೋ ಆ ಗೆರೆಗಳನ್ನು ಓದಲು ಬರುವವಳ ಹಾಗೆ.

ಮೊದಲ ಸಲ ಗುಬ್ಬಿ ಜ್ವರ ಬಂದು ಮಲಗಿದಾಗ ನಿನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿ, "ಇನ್ಮೇಲೆ ಮಗೂಗೆ ನನ್ನ ಕೈತುತ್ತೇ" ಎಂದವಳು ನಾನು. ಎರಡನೇ ಸಲ ಕರುಳಿನಿಂದ ರಕ್ತ ಹೋಗಿ ಆಸ್ಪತ್ರೆ ಸೇರಿದಳಲ್ಲ, ಅದು ಆ ತುತ್ತಿನಿಂದಲೇ ಇರಬೇಕು. ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು "ಕೈ ತೊಳೆಯೋಕೂ ಬರದವಳು ತಾಯಿ ಆಗಿದಾಳೆ" ಎಂದೆ. ನೀನು ಅಳಲಿಲ್ಲ, ಗುಬ್ಬಿಯ ಚಪ್ಪಲಿಗಳನ್ನು ಚೀಲಕ್ಕೆ ಹಾಕುತ್ತಲೇ ಇದ್ದೆ. ಡಾಕ್ಟರಮ್ಮ ತುಂಬ ಒಳ್ಳೆಯವರು, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದು ಬೆನ್ನು ಸವರಿದರು. ರೋಗ ನನ್ನ ತಪ್ಪಲ್ಲ, ಸರಿ. ವರಾಂಡದ ಮಾತನ್ನು ಯಾವ ರೋಗಾಣು ಆಡಿಸಿತು? ಹಾಸ್ಟೆಲಿನಲ್ಲೂ ಆಗಾಗ ಯಾವುದಾದರೂ ಹುಡುಗಿ ಜ್ವರವೆಂದು ಮಲಗುತ್ತಿದ್ದಳು. ಪಾಪ ಎಂದು ನಾನೇ ಬಿಸಿಬಿಸಿಯಾಗಿ ಮಾಡಿ ಕೊಟ್ಟು ಬರುತ್ತಿದ್ದೆ. ಆ ಮುಖಗಳನ್ನು ನೆನೆಸಿಕೊಳ್ಳಲು ಧೈರ್ಯ ಸಾಲದು.

ಈಗ ನಾನು ಒಲೆಯ ಹತ್ತಿರ ಹೋಗುವ ಹಾಗಿಲ್ಲ. ನಿನ್ನ ಗಂಡನೇ ಬೇಯಿಸುತ್ತಾನೆ. ಒಂದು ದಿನ ಹಸಿ, ಒಂದು ದಿನ ಸೀದದ್ದು. "ಚೆನ್ನಾಗಿದೆ ಕಣೋ" ಎಂದು ನುಂಗುತ್ತೇನೆ. ಕನ್ನಡಕದ ಹುಡುಗಿ ಓಣಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿದಳು. ಆ ದಿನ ತಾಯಂದಿರೆಲ್ಲ ಸಾಲಾಗಿ ನಿಂತಿದ್ದರು. ಆಸ್ಪತ್ರೆಯಲ್ಲಿ ನನ್ನ ಮಾತು ಕೇಳಿಸಿಕೊಂಡಿದ್ದ ಮೇಲಿನ ಮನೆಯವಳೂ ಇದ್ದಳು. ಅವರ ಎದುರಿಗೆ ಹೋಗಿ, "ರೋಗ ಇದ್ದದ್ದು ನನ್ನಲ್ಲಿ. ತಪ್ಪನ್ನ ಸೊಸೆ ಮೇಲೆ ಹಾಕಿದ್ದೆ" ಎಂದೆ. ಒಬ್ಬಳು ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಎಳೆದುಕೊಳ್ಳಲಿ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಗುಬ್ಬಿ ಹೊಟ್ಟೆ ತುಂಬ ಉಂಡು ಓಡಾಡಿಕೊಂಡಿರಲಿ. ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸು; ಅವರು ಒಪ್ಪಿಕೊಳ್ಳದಿದ್ದರೆ ಒತ್ತಾಯ ಮಾಡಬೇಡ. ನೀನು ತಣ್ಣಗಿರಮ್ಮಾ.

ನಿನ್ನ ಅತ್ತೆ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ಮಾತ್ರೆಗಳಿಂದ ನನ್ನೊಳಗಿನ ರೋಗಾಣು ಹೋಗಿಲ್ಲ. ಮುಂದಿನ ಬುಧವಾರ ಆಪರೇಶನ್, ಪಿತ್ತಕೋಶ ತೆಗೆಯುತ್ತಾರೆ. ಮಗನ ಮುಂದೆ ಧೈರ್ಯವಾಗಿದ್ದೇನೆ. ನಿಜ ಹೇಳಬೇಕೆಂದರೆ ರಾತ್ರಿ ದೀಪ ಆರಿಸಲೂ ಹೆದರಿಕೆ. ಗುಬ್ಬಿಯನ್ನು ಅಮ್ಮನ ಹತ್ತಿರ ಬಿಟ್ಟು ನೀನೊಬ್ಬಳು ಬರುತ್ತೀಯಾ? ಕೇಳುವ ಮುಖ ನನಗಿಲ್ಲ. ಬರದಿದ್ದರೂ ಈ ಮನೆಯಲ್ಲಿ ಇನ್ನು ಯಾರೂ ನಿನ್ನನ್ನು ಒಂದು ಮಾತು ಅನ್ನುವುದಿಲ್ಲ.