ರಾತ್ರಿ ಸದ್ದು ಮಾಡುವ ಪ್ರಾಣಿ

ನಾರಾಯಣಖೇಡ ಬಸ್ ನಿಲ್ದಾಣ
೨-೧೨-೨೦೨೪, ಸೋಮವಾರ

ಪ್ರೀತಿಯ ಅವ್ವಾ, ನಿನ್ನ ಪಾದಗಳಿಗೆ ಸಂಗುವಿನ ಶರಣು.

ಹೇಗಿದ್ದೀಯ? ಮೊಣಕಾಲಿನ ನೋವು ಚಳಿಗೆ ಹೆಚ್ಚಾಗಿಲ್ಲ ತಾನೆ? ಬಿಪಿ ಗುಳಿಗೆ ಮುಗಿಯುವ ಮೊದಲೇ ಅಕ್ಕನಿಗೆ ಹೇಳು, ಮುಗಿದ ಮೇಲೆ ಹೇಳುವುದು ನಿನ್ನ ಅಭ್ಯಾಸ. ಕಿವಿಯ ಮಷೀನು ಹಾಕಿಕೊಳ್ಳುವುದಿಲ್ಲವೆಂದು ಗೊತ್ತು, ಅದರ ಬಗ್ಗೆ ಕೇಳುವುದಿಲ್ಲ. ಬೆಳಗ್ಗೆ ಎದ್ದಾಗ ತಲೆ ಭಾರ ಇರುತ್ತದೆಯೇ? ಹಗಲು ಕೂತಲ್ಲೇ ಕಣ್ಣು ಎಳೆಯುತ್ತದೆಯೇ? ಈ ಎರಡನ್ನು ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಮುಂದೆ ಬರೆಯುತ್ತೇನೆ. ನೀನು ಗಾಬರಿಯಾಗಬೇಡ, ಮನೆಯಲ್ಲಿ ಗಾಬರಿಯಾಗುವುದಕ್ಕೆ ನಾನೊಬ್ಬ ಇದ್ದೇನೆ.

ಫೋನಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ. ಅಕ್ಕ ನಡುವೆ ನಿಂತು ನನ್ನ ನಾಲ್ಕು ಮಾತನ್ನು ಒಂದು ಮಾಡಿ ಕೂಗುತ್ತಾಳೆ. ಅದಕ್ಕೆ ಡ್ಯೂಟಿಯ ಮಧ್ಯೆ, ಕಂಟ್ರೋಲರ್ ಕಿಟಕಿಯ ಹಿಂದೆ ಕೂತು ಬರೆಯುತ್ತಿದ್ದೇನೆ. ನೀನು ಕಂಗ್ಟಿಯ ಮನೆಯಲ್ಲಿ ಬಳಪ ಕೊಟ್ಟು ಕಲಿಸಿದ ಕನ್ನಡ, ಹಾಗಾಗಿ ತಪ್ಪಿದ್ದರೆ ನಿನ್ನದೂ ಅರ್ಧ ಪಾಲು. ನಮ್ಮ ಹಣಮಯ್ಯ ಇವತ್ತು ತಾಂಡೂರು ಬಸ್ಸಿನ ಕಂಡಕ್ಟರ್. ಅಕ್ಕನ ಊರು ಕರಣಕೋಟದ ತನಕ ಬಂದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಅಕ್ಕನ ಕೈಗೆ ಕೊಡಬೇಡ ಎಂದು ಅವನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಹೋದಾಗ ನನ್ನ ಮುಖ ನೋಡಿ ನಕ್ಕ.

ಮೊನ್ನೆ ಅಕ್ಕ ಫೋನ್ ಮಾಡಿ, ನಮ್ಮ ರೇಷನ್ ಕಾರ್ಡಿನಿಂದ ನಿನ್ನ ಹೆಸರು ತೆಗೆಸಿ ಅವರ ಕಾರ್ಡಿಗೆ ಸೇರಿಸಬೇಕಂತೆ, ನೀನೇ ಹೇಳಿದೆಯಂತೆ ಎಂದಳು. ನಿನ್ನ ಅಳಿಯ ಭೀಮೇಶ ಮಾಮಾ ಕೂಡ, ಇರಲಿ ಬಿಡು, ನಮಗೇನು ಭಾರವೇ ಎಂದರು. ನಾನು ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಸರೆಗೆಂದು ಎಂಟು ದಿನಕ್ಕೆ ಹೋದವಳು ನೀನು. ದೀಪಾವಳಿ ಹೋಯಿತು, ಕಾರ್ತಿಕ ಮುಗಿಯಿತು. ದೀಪಾವಳಿಗೆ ಪ್ರೇಮಲಾ ಕರಜಿಕಾಯಿ ಕಟ್ಟಿಕೊಂಡು ಅಲ್ಲಿಗೆ ಬಂದಾಗ ನೀನು ಅವಳ ಕಡೆ ತಿರುಗಿಯೂ ನೋಡಲಿಲ್ಲವಂತೆ. ವಾಪಸು ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ನಾ ಏನ್ ತಪ್ಪ ಮಾಡೀನ್ರಿ, ಅತ್ತಿಯವ್ರು ನೀ ಯಾಕ ಬಂದಿ ಅಂತ ಸುದಾ ಕೇಳಲಿಲ್ಲ’ ಎಂದು ಇವತ್ತಿಗೂ ಕೇಳುತ್ತಾಳೆ. ನನಗೇನು ಗೊತ್ತು ಎಂದು ಹೇಳಿ ಬಸ್ಸಿನ ಟೈಮಾಯಿತೆಂದು ಎದ್ದು ಬರುತ್ತೇನೆ.

ಈಗ ನಿನ್ನ ಮೊಮ್ಮಗಳು ನೀಲುವಿನ ಸುದ್ದಿ. ಅಕ್ಕ ನಿನಗೆ ಅರ್ಧ ಹೇಳಿರಬಹುದು. ದಸರೆಗೆ ಮೊದಲು ಅವಳು ಕ್ಲಾಸಿನಲ್ಲಿ ತೂಕಡಿಸುತ್ತಾಳೆಂದು ಟೀಚರ್ ಹೇಳಿಕಳಿಸಿದ್ದು, ಆಮೇಲೆ ನಿನ್ನ ಗೊರಕೆಯ ಮಾತು ಬಂದು ನಿನ್ನ ಹಾಸಿಗೆ ಅವಳ ಕೋಣೆಯಿಂದ ಪಡಸಾಲೆಗೆ ಬಂದದ್ದು, ಇದೆಲ್ಲ ನಿನಗೆ ಗೊತ್ತೇ ಇದೆ. ನೀನು ಆಚೆ ಮಲಗಿದ ಮೇಲೆ ಅವಳ ನಿದ್ದೆ ಸುಧಾರಿಸಬೇಕಿತ್ತು. ಸುಧಾರಿಸಲಿಲ್ಲ. ಬೆಳಗ್ಗೆ ನೋಡಿದರೆ ಪಡಸಾಲೆಯ ಹೊಸ್ತಿಲ ಮೇಲೆ ಚಾದರ ಸುತ್ತಿಕೊಂಡು ಬಿದ್ದಿರುತ್ತಿದ್ದಳು. ನೀನು ಹೋದ ಮೇಲಂತೂ ಇದ್ದ ನಿದ್ದೆಯೂ ಹೋಯಿತು. ಎಂಟು ವರ್ಷದ ಮಗುವಿನ ಕಣ್ಣ ಕೆಳಗೆ ಕಪ್ಪು. ನಮ್ಮ ಕೋಣೆಗೆ ಬಾ ಎಂದರೆ ಬರುವುದಿಲ್ಲ. ಕೋಣೆಯಲ್ಲಿ ಸದ್ದಿಲ್ಲ, ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂಬುದೊಂದೇ ಮಾತು. ಪ್ರೇಮಲಾ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿದಳು, ನಾನು ಫ್ಯಾನು ಹಚ್ಚಿದೆ. ಈ ಚಳಿಯಲ್ಲಿ ಫ್ಯಾನಿನಿಂದ ಮಗುವಿಗೆ ನೆಗಡಿಯಾಗಿದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ.

ಆಗ ಟೀಚರೇ, ಒಂದು ಸಣ್ಣ ಪ್ರಾಣಿಯನ್ನು ಪಂಜರದಲ್ಲಿಟ್ಟು ಅವಳ ಕೋಣೆಯಲ್ಲಿಡಿ, ಜೊತೆಗೆ ಒಂದು ಜೀವ ಇದೆ ಎಂದರೆ ಮಕ್ಕಳು ಮಲಗುತ್ತಾರೆ ಎಂದರು. ಯಾವ ಪ್ರಾಣಿ ಎಂದು ಅವರು ಹೇಳಲಿಲ್ಲ. ನಾನು ಎಂಥವನೆಂದು ನಿನಗೆ ಗೊತ್ತಲ್ಲ, ನಾಲ್ಕು ದಿನ ಅದನ್ನೇ ತಲೆಗೆ ಹಚ್ಚಿಕೊಂಡೆ. ಪಂಜರದ ಬಣ್ಣ ಸುಲಿದು ಪ್ರಾಣಿ ತಿಂದರೆ? ಓಣಿಯ ಬೆಕ್ಕು ಕಿಟಕಿಯಿಂದ ಬಂದರೆ? ಅದರ ಕೂದಲಿನಿಂದ ಮಗುವಿಗೆ ದಮ್ಮು ಬಂದರೆ? ಎಲ್ಲಕ್ಕಿಂತ ದೊಡ್ಡದು, ತಂದ ಪ್ರಾಣಿ ಸತ್ತರೆ ಅವಳಿಗೆ ಏನು ಹೇಳುವುದು? ಪ್ರೇಮಲಾ ಎಲ್ಲವನ್ನೂ ಕೇಳಿಸಿಕೊಂಡು, ಪಂಜರ ದೊಡ್ಡದೇ ತನ್ನಿ, ಮೊದಲು ನಿಮ್ಮನ್ನೇ ಕೂಡಿಸೋಣ ಎಂದಳು.

ಜಹೀರಾಬಾದಿಗೆ ಡ್ಯೂಟಿಯ ಮೇಲೆ ಹೋದಾಗ ಅಲ್ಲಿಯ ಅಂಗಡಿಗೆ ಹೊಕ್ಕೆ. ಅಂಗಡಿಯ ಭಾಯಿ ಒಳ್ಳೆಯ ಮನುಷ್ಯ, ಮೊದಲು ಚಹಾ ತರಿಸಿದ. ಮೊಲ ತೋರಿಸಿದ. ಬೆಳ್ಳಗೆ ಹತ್ತಿಯ ಉಂಡೆಯಂತೆ ಕೂತಿತ್ತು. ರಾತ್ರಿ ಸದ್ದು ಮಾಡುತ್ತದೆಯೇ ಎಂದೆ. ಮೊಲಕ್ಕೆ ಬಾಯೇ ಇಲ್ಲ ಎಂದ, ಬೇಡ ಎಂದೆ. ಲವ್ ಬರ್ಡ್ಸ್ ತೋರಿಸಿದ. ಒಂದನ್ನೇ ಕೊಡುವುದಿಲ್ಲವಂತೆ, ಜೋಡಿಯೇ ಒಯ್ಯಬೇಕಂತೆ, ಒಂಟಿಯಾದರೆ ಕಾಳು ಮುಟ್ಟದೆ ಕೊರಗುತ್ತದಂತೆ. ಅವು ಹಗಲೆಲ್ಲ ಕಿಚಿಕಿಚಿ, ಕತ್ತಲಾದೊಡನೆ ಚುಪ್. ಅವೂ ಬೇಡವಾದವು. ಗಿಳಿ ಇದೆಯೇ ಎಂದರೆ ಆಚೀಚೆ ನೋಡಿ, ಅದನ್ನು ಸಾಕುವುದು ಗುನ್ಹೆ, ನೀವು ಖಾಕಿ ಹಾಕುವವರು ಅದನ್ನು ಕೇಳಲೂಬಾರದು ಎಂದ. ಕೊಟ್ಟಿದ್ದರೂ ತರುತ್ತಿರಲಿಲ್ಲ ಬಿಡು, ನಮ್ಮ ಮನೆಯಲ್ಲಿ ಈಗ ಆಡುವ ಮಾತುಗಳನ್ನು ಒಂದು ಹಕ್ಕಿ ಬೇರೆ ಕಲಿಯಬೇಕೇ. ಕೊನೆಗೆ ಆತ ಕೈ ಕಟ್ಟಿಕೊಂಡು ನನ್ನನ್ನೇ ನೋಡಿದ. ‘ಎಲ್ಲಾರೂ ಆವಾಜ್ ಮಾಡದೇ ಇರೋದು ಕೇಳ್ತಾರ ಸಾಬ್, ನೀವೊಬ್ರೇ ಆವಾಜ್ ಮಾಡೋದು ಕೇಳಾಕತ್ತೀರಿ’ ಎಂದ.

ಹಾಗೆಂದು ಒಳಗಿನಿಂದ ತಂದದ್ದು ಹ್ಯಾಮ್‌ಸ್ಟರ್ ಎಂಬ ಜೀವಿ. ನೀನು ಬೈಯುತ್ತೀಯೆಂದು ಗೊತ್ತು, ಆದರೂ ಇದ್ದದ್ದನ್ನು ಹೇಳುತ್ತೇನೆ, ಅದು ಇಲಿಯ ಜಾತಿಯದೇ. ಬಾಲ ಮಾತ್ರ ಕಂಡೂ ಕಾಣದಷ್ಟು. ಜೋಳದ ಕಣಜದಿಂದ ಇಲಿ ಓಡಿಸುತ್ತಲೇ ಆಯುಷ್ಯ ಕಳೆದ ಸುಂದರಬಾಯಿಯ ಮಗ ಇಲಿಗೆ ಮನೆ ಕೊಂಡು ತಂದ ಎಂದು ಓಣಿಯೆಲ್ಲ ನಗುತ್ತಿದೆ. ಇದು ಒಂಟಿಯಾಗಿಯೇ ಇರಬೇಕಂತೆ, ಎರಡು ಇಟ್ಟರೆ ಕಚ್ಚಾಡಿ ಸಾಯುತ್ತವಂತೆ. ಹಗಲೆಲ್ಲ ಮುದುಡಿ ಮಲಗಿ ರಾತ್ರಿಯೆಲ್ಲ ಪಂಜರದೊಳಗಿನ ಚಕ್ರದ ಮೇಲೆ ಓಡುತ್ತದೆ. ಗರಗರ, ಗರಗರ, ಬೆಳತನಕ. ನನಗೆ ಬೇಕಾಗಿದ್ದದ್ದೂ ಅದೇ ತಾನೆ? ಒಂದು ವಾರ ಇಟ್ಟು ನೋಡಿ, ಸೇರದಿದ್ದರೆ ವಾಪಸು ತನ್ನಿ ಎಂದು ಭಾಯಿ ಕೊಟ್ಟ. ಬಸ್ಸಿನಲ್ಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಎರಡೂ ಕೈಯಿಂದ ಎತ್ತಿ ಹಿಡಿದು ಮನೆ ಮುಟ್ಟಿಸಿದೆ.

ನೀಲು ಅದನ್ನು ಕಂಡು ಕುಣಿದಳು. ಸೇಂಗಾ ತಿನ್ನಿಸಿದಳು, ತನ್ನ ಹಳೆಯ ಕಾಲುಚೀಲ ಹಾಸಿದಳು. ಆದರೆ ನಿದ್ದೆ ಮಾತ್ರ ಬರಲಿಲ್ಲ. ಮೂರು ದಿನ ಬರಲಿಲ್ಲ. ಶಾಲೆಗೆ ಹೋಗುವ ಮೊದಲು ಪಂಜರಕ್ಕೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಏನು ನೋಡುತ್ತೀ ಎಂದರೆ ಹೊಟ್ಟೆ ಅಲುಗಾಡುತ್ತದೋ ಇಲ್ಲವೋ ಎನ್ನುತ್ತಿದ್ದಳು. ನನ್ನ ಮಗಳಲ್ಲವೇ, ನನ್ನಂತೆಯೇ ಚಿಂತೆಯ ಗಂಟು ಎಂದುಕೊಂಡೆ. ಶುಕ್ರವಾರ ಬೆಳಗ್ಗೆ ಹಾಲಿನಲ್ಲಿ ರೊಟ್ಟಿ ಮುರಿದು ಕೊಡುತ್ತಾ, ಆಯಿಯ ಗೊರಕೆಯಂತೆಯೇ ಗರಗರ ಅನ್ನುತ್ತದಲ್ಲ, ಮತ್ತೇಕೆ ಮಲಗುವುದಿಲ್ಲ ಎಂದು ಕೇಳಿದೆ. ಅವಳು ತಟ್ಟೆ ನೋಡುತ್ತಲೇ ಹೇಳಿದಳು.

‘ಇದು ನಿಲ್ಲಂಗೇ ಇಲ್ಲ ಅಪ್ಪಾ. ಆಯಿದು ನಡುವ ನಿಲ್ತಿತ್ತು. ನಿಂತಾಗ ನಾ ಎಣಿಸ್ತಿದ್ದೆ. ಇಪ್ಪತ್ತ ಆದಮ್ಯಾಲ ಕೈ ಹಿಡದು ಜಗ್ಗತಿದ್ದೆ, ಮತ್ತ ಶುರು ಆಗ್ತಿತ್ತು. ಅಲ್ಲಿ ಈಗ ಯಾರು ಜಗ್ಗತಾರ?’

ಅವ್ವಾ, ಮಗು ಕ್ಲಾಸಿನಲ್ಲಿ ತೂಕಡಿಸುತ್ತಿದ್ದದ್ದು ನಿನ್ನ ಗೊರಕೆಯಿಂದಲ್ಲ. ಗೊರಕೆ ನಿಂತಾಗ ನಿನ್ನ ಉಸಿರು ಬರುವುದೋ ಇಲ್ಲವೋ ಎಂದು ಕಾದು ಕೂತದ್ದರಿಂದ. ಯಾಕೆ ನಮಗೆ ಹೇಳಲಿಲ್ಲ ಎಂದು ಪ್ರೇಮಲಾ ಕೇಳಿದಳು. ಹೇಳಿದರೆ ಮುತ್ಯಾನ ಹಾಗೆ ಆಯಿಯನ್ನೂ ದವಾಖಾನೆಗೆ ಒಯ್ಯುತ್ತೀರಿ, ಮುತ್ಯಾ ವಾಪಸು ಬರಲಿಲ್ಲವಲ್ಲ ಎಂದಳು. ಅಪ್ಪ ಹೋದದ್ದನ್ನು ಮಗು ಮರೆತಿಲ್ಲ. ಅಷ್ಟು ದಿನ ಅಷ್ಟು ಸಣ್ಣ ಜೀವ ಒಂದೇ ಈ ಕೆಲಸ ಮಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ನಾನು ಹಾಯಾಗಿ ಮಲಗಿದ್ದೆ.

ಶನಿವಾರವೇ ರಜೆ ಹಾಕಿ ಜಹೀರಾಬಾದಿನ ಡಾಕ್ಟರಲ್ಲಿಗೆ ಹೋದೆ. ರೋಗಿಯನ್ನು ಬಿಟ್ಟು ಬಂದವನು ನಾನೊಬ್ಬನೇ ಇರಬೇಕು, ಆದರೂ ಕೂಡಿಸಿ ಕೇಳಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ ಕಾಯಿಲೆ ಇರಬಹುದು, ನೋಡದೆ ಹೇಳಲಾರೆ ಎಂದರು. ಅವರು ಕೇಳಿದ ಪ್ರಶ್ನೆಗಳನ್ನೇ ನಿನಗೆ ಮೊದಲಿಗೆ ಬರೆದದ್ದು. ತಲೆಭಾರಕ್ಕೆ ನೀನು ಬೆಳಗ್ಗೆ ಬಟ್ಟೆ ಬಿಗಿಯುತ್ತಿದ್ದದ್ದು ನೆನಪಾಯಿತು. ತೊಗರಿಬೇಳೆ ಆರಿಸುತ್ತಾ ನೀನು ಮೊರದ ಮೇಲೆಯೇ ತೂಕಡಿಸುತ್ತಿದ್ದೆ, ನಾವು ತಮಾಷೆ ಮಾಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಬಿಪಿ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಆದರೆ ಇದಕ್ಕೆ ಉಪಾಯವಿದೆ, ಮಲಗುವಾಗ ಹಾಕಿಕೊಳ್ಳುವ ಮಷೀನು ಇದೆ ಎಂದು ಧೈರ್ಯ ಹೇಳಿದರು. ಗುರುವಾರ ಹನ್ನೊಂದಕ್ಕೆ ಬರಹೇಳಿದ್ದಾರೆ. ಇದು ಕಿವಿಯ ಮಷೀನಿನಂತೆ ಡಬ್ಬಿಯಲ್ಲಿಡುವ ವಸ್ತುವಲ್ಲ, ಈಗಲೇ ಹೇಳಿಬಿಡುತ್ತೇನೆ.

ಅದಕ್ಕೇ ಬುಧವಾರ ಇದೇ ಬಸ್ಸಿಗೆ ನಾನು ಬರುತ್ತಿದ್ದೇನೆ, ನಿನ್ನನ್ನು ಕರೆದುಕೊಂಡು ಬರುವುದಕ್ಕೆ. ಬರುವುದಿಲ್ಲ ಎನ್ನಬೇಡ. ಕಾರ್ಡಿನ ಕೆಲಸಕ್ಕೆ ಭೀಮೇಶ ಮಾಮಾ ಓಡಾಡುವುದೂ ಬೇಡ. ನೀಲುವಿನ ಕೋಣೆಯಲ್ಲಿ ನಿನ್ನ ಹಾಸಿಗೆ ಇದ್ದ ಜಾಗದಲ್ಲೇ ಪ್ರೇಮಲಾ ಮತ್ತೆ ಹಾಸಿದ್ದಾಳೆ, ಹೊಸ ದುಪ್ಪಟಿ ತಂದಿದ್ದಾಳೆ. ಹ್ಯಾಮ್‌ಸ್ಟರ್ ಇರಬೇಕೋ ವಾಪಸು ಹೋಗಬೇಕೋ ಎಂಬುದನ್ನು ನೀನೇ ಬಂದು ತೀರ್ಮಾನಿಸು. ನೀಲುವಿಗೆ ಅದರ ಮೇಲೆ ಜೀವ, ಆದರೆ ಆಯಿ ಬೇಡ ಎಂದರೆ ಕೊಟ್ಟುಬಿಡುತ್ತೇನೆ ಎಂದು ಒಪ್ಪಿದ್ದಾಳೆ.

ಅಕ್ಕನಿಗೆ, ಮಾಮಾಗೆ ನನ್ನ ಶರಣು ಹೇಳು. ಪ್ರೇಮಲಾ ನಿನ್ನ ಕಾಲಿಗೆ ಬಿದ್ದಿದ್ದೇನೆಂದು ಬರೆಯಲು ಹೇಳಿದ್ದಾಳೆ. ನೀಲು ಕನ್ನಡ ಬರೆಯಲಾರಳು, ಮೂಲೆಯಲ್ಲಿ ತೆಲುಗಿನಲ್ಲಿ ಏನೋ ಗೀಚಿದ್ದಾಳೆ, ಅಕ್ಕನ ಮಗನಿಂದ ಓದಿಸಿಕೊ. ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ಮಗ
ಸಂಗು

ತಾ.ಕ.: ಹಣಮಯ್ಯ ಬಸ್ಸು ಪ್ಲಾಟ್‌ಫಾರ್ಮಿಗೆ ತರಿಸಿದ್ದಾನೆ, ಇನ್ನು ಏಳು ನಿಮಿಷ ಇದೆ. ಇಷ್ಟೆಲ್ಲ ತುಂಬಿಸಿದರೂ ಬರೆಯಬೇಕಾದದ್ದನ್ನು ಬರೆದಿಲ್ಲ. ಅವತ್ತು ಗೊರಕೆಯ ಮಾತನ್ನು ಕೂಗಿ ಹೇಳಿದರೆ ಓಣಿಗೆಲ್ಲ ಕೇಳುತ್ತದೆಂದು ಡ್ಯೂಟಿ ಚಾರ್ಟಿನ ಹಿಂದೆ ಬರೆದು ನಿನ್ನ ಕೈಗೆ ಕೊಟ್ಟೆನಲ್ಲ, ‘ನಿನ್ನ ಗೊರಕಿಗೆ ಕೂಸು ಮಲಗವಲ್ದು ಅಂತ ಪ್ರೇಮಲಾ ಅಂತಾಳ’ ಎಂದು. ಪ್ರೇಮಲಾ ಅಂದಿರಲಿಲ್ಲ. ಅಂದವನು ನಾನು. ಅತ್ತಿಯವ್ರ ಹಾಸಿಗಿ ಆಚೆ ಹಾಕಬ್ಯಾಡ್ರಿ ಎಂದು ಅವಳು ನನ್ನ ಜೊತೆ ಜಗಳ ಮಾಡಿದ್ದಳು. ನಿನಗೆ ಕೆಟ್ಟವನಾಗಲು ಮನಸ್ಸಿಲ್ಲದೆ ಅವಳ ಹೆಸರು ಹಾಕಿದೆ. ಅವಳಿಗೆ ಇದು ಇನ್ನೂ ಗೊತ್ತಿಲ್ಲ, ಇವತ್ತು ಸಂಜೆ ಹೇಳುತ್ತೇನೆ. ಬುಧವಾರ ನಿನ್ನೆದುರು ನಿಂತು ಕೂಗಿಯೇ ಹೇಳುತ್ತೇನೆ, ಯಾರು ಕೇಳಿದರೂ ಕೇಳಲಿ. ಯಾರಿಗೂ ತ್ರಾಸಾಗಬಾರದೆಂದು ಹಿಂದಿನ ಕೋಣೆಯಲ್ಲಿ ಒಬ್ಬಳೇ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತೀಯಂತೆ, ಅಕ್ಕ ಹೇಳಿದಳು. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗು. ಇವತ್ತು ಮತ್ತು ನಾಳೆ, ಎರಡು ರಾತ್ರಿ ಮಾತ್ರ ಚಿಲಕ ಹಾಕಬೇಡ, ಅಕ್ಕನನ್ನು ಪಕ್ಕದಲ್ಲಿ ಮಲಗಿಸಿಕೊ. ಇಪ್ಪತ್ತು ಎಣಿಸಿ ಜಗ್ಗಲು ಅವಳಿಗೆ ಹೇಳಿದ್ದೇನೆ.